ಮಮ್ಮಿ ಹೊಲಿದ ಮೆಕ್ಸಿಕೋ ಮುಸುಕು

ಆಗೆಲ್ಲ ಮುಸುಕು ಹಾಕಿದ ಕುಸ್ತಿಯವನ ಮುಖ ನೋಡಬೇಕೆಂದರೆ ವಾರಗಟ್ಟಲೆ ಕಾಯಬೇಕಿತ್ತು. ಕಾದರೂ ಎಷ್ಟೋ ಸಲ ಸಿಗುತ್ತಿರಲಿಲ್ಲ. ಕುಸ್ತಿಯ ಕಂಪೆನಿ ಡೇರೆ ಬಿಚ್ಚಿಕೊಂಡು ಇನ್ನೊಂದು ಊರಿಗೆ ಹೋಗಿಬಿಡುತ್ತಿತ್ತು. ಮುಂದಿನ ಕಂಪೆನಿ ಬರುವವರೆಗೆ ನಾವು ಮಕ್ಕಳು ಆ ಕಾಣದ ಮುಖದ ಬಗ್ಗೆ ಜಗಳವಾಡುತ್ತಿದ್ದೆವು. ಒಬ್ಬಳ ಪ್ರಕಾರ ಮುಖದ ತುಂಬ ಸಿಡುಬಿನ ಕಲೆ. ಇನ್ನೊಬ್ಬಳ ಪ್ರಕಾರ ಮೂಗೇ ಇಲ್ಲ. ನೋಡದೆ ಇದ್ದದ್ದರಲ್ಲಿ ಒಂದು ಮಜಾ ಇತ್ತು, ಒಂದು ಮರ್ಯಾದೆಯೂ ಇತ್ತು.

ಈಗ ಆ ಮರ್ಯಾದೆಯೆಲ್ಲ ಖಲಾಸ್. ಪ್ರತಿ ಶುಕ್ರವಾರ ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಫ್ಲ್ಯಾಟಿನಲ್ಲಿ, ಹೊರಗೆ ಬಿಸಿಲು ಗೋಡೆ ಸುಡುತ್ತಿರುವಾಗ, ಮೊಮ್ಮಗ ರಯಾನ್ ಟಿ.ವಿ.ಗೆ ಲೂಚಾ ಲೀಬ್ರೆ ಹಾಕುತ್ತಾನೆ. ಲೂಚಾ ಲೀಬ್ರೆ ಎಂದರೆ ಮೆಕ್ಸಿಕೋದ ಫ್ರೀಸ್ಟೈಲ್ ಕುಸ್ತಿ. ಹೆಚ್ಚಿನವರು ಮುಸುಕು ಹಾಕಿಕೊಂಡೇ ಕಣಕ್ಕಿಳಿಯುತ್ತಾರೆ. ಹುಡುಗನಿಗೆ ಹನ್ನೊಂದು ವರ್ಷ. ಅವನ ಅಪ್ಪ ಅಮ್ಮ ವಾರದ ಸಾಮಾನು ತರಲು ಹೋದರೆ ಅವನನ್ನು ಕಾಯುವುದು ನನ್ನ ಡ್ಯೂಟಿ. ಹಾಗಾಗಿ ಈ ಮೂರು ತಿಂಗಳಲ್ಲಿ ನಾನೂ ಒಂದು ಡಜನ್ ಪಂದ್ಯ ನೋಡಿಬಿಟ್ಟಿದ್ದೇನೆ. ಅವುಗಳ ಬಗ್ಗೆ ನಾಲ್ಕು ಮಾತು ಹೇಳಿಯೇ ಮುಂದೆ ಹೋಗುವವಳು. ಒಳ್ಳೆಯ ಮಾತು ನಿರೀಕ್ಷಿಸಬೇಡಿ, ಪ್ಲೀಸ್.

ಮೊದಲನೆಯದು ಮೂವರಿಗೆ ಮೂವರ ಪಂದ್ಯ. ಆರು ಜನರಲ್ಲಿ ಒಬ್ಬನಿಗೂ ಒಂದು ಪಟ್ಟು ಹಿಡಿದು ಎರಡು ನಿಮಿಷ ನಿಲ್ಲುವ ತಾಳ್ಮೆಯಿಲ್ಲ. ಹಗ್ಗ ಹತ್ತುವುದು, ಹಾರುವುದು, ಪಲ್ಟಿ ಹೊಡೆಯುವುದು. ಒಬ್ಬ ಮೇಲಿನಿಂದ ಕಣದ ಹೊರಗೆ ಹಾರುತ್ತಾನೆ ಎಂದರೆ ಅವನ ಮೂವರು ವೈರಿಗಳು ಕೆಳಗೆ ಕೈ ಚಾಚಿ ನಿಂತಿರುತ್ತಾರೆ, ಸ್ಕೂಲ್ ಬಸ್ಸಿನಿಂದ ಇಳಿಯುವ ಯು.ಕೆ.ಜಿ. ಮಗುವನ್ನು ಇಳಿಸಿಕೊಳ್ಳುವ ತಾಯಂದಿರ ಹಾಗೆ.

"ವೈರಿಯನ್ನು ಯಾರಾದರೂ ಹೀಗೆ ಹಿಡ್ಕೊಳ್ತಾರಾ? ದೇ ಆರ್ ಕ್ಯಾಚಿಂಗ್ ಹಿಮ್!" ಎಂದೆ.

"ಇಟ್ಸ್ ಫಾರ್ ಸೇಫ್ಟಿ, ಗ್ರ್ಯಾನಿ."

ಸೇಫ್ಟಿ ಬೇಕಾದವನು ಬ್ಯಾಂಕಿನಲ್ಲಿ ಕೆಲಸ ಮಾಡಲಿ.

ಎರಡನೆಯದು, ಗಾಜಿನ ಗೂಳಿ ಮತ್ತು ಸತ್ತ ಮದುಮಗ ಎಂಬಿಬ್ಬರ ನಡುವೆ. ಈ ಹೆಸರುಗಳು ನನ್ನವು. ಅವರ ಸ್ಪ್ಯಾನಿಷ್ ನನ್ನ ನಾಲಿಗೆಗೆ ಹೊರಳುವುದಿಲ್ಲ. ಇಬ್ಬರೂ ಕಣಕ್ಕೆ ಬರುವುದಕ್ಕೇ ಹತ್ತು ನಿಮಿಷ. ಹೊಗೆ, ಲೈಟು, ಅರ್ಧ ಬಟ್ಟೆಯ ಹುಡುಗಿಯರ ಡಾನ್ಸ್. ಕುಸ್ತಿ ಅದಕ್ಕಿಂತ ಕಡಿಮೆ. ಗೂಳಿ ಮದುಮಗನ ಎದೆಗೆ ಹೊಡೆದರೆ ಫಟ್ ಎಂದು ಸದ್ದು ಬರುವುದು ಗೂಳಿಯ ತೊಡೆಯಿಂದ! ತನ್ನ ತೊಡೆಗೆ ತಾನೇ ಹೊಡೆದುಕೊಳ್ಳುತ್ತಾನೆ. ರೆಫರಿ ಬೇಕಾದಾಗ ಮುಖ ತಿರುಗಿಸಿ ನಿಲ್ಲುತ್ತಾನೆ. ನಮ್ಮೂರಿಗೆ ಬರುತ್ತಿದ್ದ ಕಂಪೆನಿಯ ರೆಫರಿಯೂ ಕಳ್ಳನೇ, ಆದರೆ ಮೋಸ ಮಾಡುವಾಗ ಅವನಿಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಎಲ್ಲಕ್ಕಿಂತ ನನ್ನ ಸಿಟ್ಟು ಅವರ ಮುಸುಕುಗಳ ಮೇಲೆ. ಅವು ಹೊಲಿದವಲ್ಲ, ಪ್ರಿಂಟ್ ಹೊಡೆದವು. ಈಜುವ ಚಡ್ಡಿಯ ಬಟ್ಟೆ. ಹುಲಿಯ ಪಟ್ಟೆ ಮೂಗಿನ ಬಳಿ ಬರುವಾಗ ಎಡದ್ದು ಬಲಕ್ಕೆ ಕೂಡುವುದೇ ಇಲ್ಲ. ಕಣ್ಣಿನ ತೂತಿಗೆ ಅಂಚು ಕಟ್ಟಿಲ್ಲ. ಎರಡು ಸಲ ಬೆವರಿದರೆ ಬಾಯಿ ಬಿಡುತ್ತದೆ. ಹಿಂದೆ ಲೇಸು ಎಳೆದಲ್ಲೆಲ್ಲ ಬಟ್ಟೆ ನೆರಿಗೆ ಬಿದ್ದು, ತಲೆ ಎಂಬುದು ಬಾಯಿ ಕಟ್ಟಿದ ಹಿಟ್ಟಿನ ಚೀಲದಂತೆ ಕಾಣುತ್ತದೆ. ಸ್ಲಾಪಿ ವರ್ಕ್. ನಮ್ಮ ಕಾನ್ವೆಂಟಿನ ನೀಡ್ಲ್‌ವರ್ಕ್ ಸಿಸ್ಟರ್ ಆಗಿದ್ದರೆ ಎಲ್ಲವನ್ನೂ ಬಿಚ್ಚಿಸಿ ಮೊದಲಿನಿಂದ ಹೊಲಿಸುತ್ತಿದ್ದರು.

"ಗ್ರ್ಯಾನಿ, ಹೌ ಡು ಯು ಈವನ್ ನೋ ಅಬೌಟ್ ಮಾಸ್ಕ್ಸ್?" ಎಂದು ರಯಾನ್ ಕೇಳಿದ.

ಅವನಿಗೆ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತೇನೆ.

ಮಂಗಳೂರಿನಲ್ಲಿ ನಮ್ಮ ಮನೆಯ ಜಗುಲಿಯೇ ಮಮ್ಮಿಯ ಹೊಲಿಗೆಯ ಅಂಗಡಿ. ಡ್ಯಾಡಿ ಹಡಗಿನ ಕೆಲಸದವರು, ವರ್ಷಕ್ಕೊಮ್ಮೆ ಬರುವವರು. ಹಾಗಾಗಿ ನಾನೂ ಮಮ್ಮಿಯೂ ಅಜ್ಜಿಯ ಜೊತೆ ಇದ್ದೆವು. ಅಜ್ಜಿಯನ್ನು ನಾವು ಕರೆಯುತ್ತಿದ್ದದ್ದು ಮಾಂಯ್ ಎಂದು. ಮಮ್ಮಿ ಪಾದ್ರಿಗಳ ಪೂಜೆಯ ಬಟ್ಟೆ, ಮಕ್ಕಳ ಫಸ್ಟ್ ಕಮ್ಯೂನಿಯನ್ ಫ್ರಾಕು ಹೊಲಿಯುತ್ತಿದ್ದರು. ಮೆಷಿನ್ ಎಣ್ಣೆ, ಹೊಸ ಸ್ಯಾಟಿನ್, ಅಡುಗೆಮನೆಯಿಂದ ಬರುವ ಹುರಿದ ಬಂಗುಡೆ, ಈ ಮೂರು ವಾಸನೆ ಒಟ್ಟಿಗೆ ಬಂದರೆ ನನಗೆ ಇವತ್ತಿಗೂ ಒಂಬತ್ತು ವರ್ಷ.

ಮಮ್ಮಿಗೆ ಒಬ್ಬನೇ ತಮ್ಮ, ಲಿಗೋರಿ ಮಾಮ. ಬಂದರಿನ ತಾಲೀಮಿನಲ್ಲಿ ಪಳಗಿದ ಮೈ. ಬಾಗಿಲಲ್ಲಿ ನಿಂತರೆ ಜಗುಲಿಗೆ ಬೆಳಕು ಬರುತ್ತಿರಲಿಲ್ಲ. ಮಸ್ಕತ್ತಿನ ಬಾಗಿಲು ಆಗಷ್ಟೇ ಹೊರಗಿನವರಿಗೆ ತೆರೆದಿತ್ತು. ನಮ್ಮ ವಾರ್ಡಿನಿಂದ ಅಲ್ಲಿಗೆ ಹೊರಟ ಮೊದಲನೆಯವನು ಮಾಮನೇ. ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಅವನ ಹೆಸರಿನಲ್ಲಿ ಪೂಜೆ ಇಡಿಸಿದ್ದರು, ಹಂದಿ ಕಡಿದಿದ್ದರು, ಬಸ್ಸಿಗೆ ಹತ್ತಿಸಲು ಅರ್ಧ ವಾರ್ಡು ಹೋಗಿತ್ತು. ಅಂದಿನಿಂದ ಮಾಂಯ್ ಎಲ್ಲಿ ಕೂತರೂ ಒಂದೇ ಮಾತು: "ನನ್ನ ಮಗ ಮಸ್ಕತ್ತಿನಲ್ಲಿ." ಮೀನು ಮಾರುವವಳು ಸಣ್ಣ ಮೀನು ಹಾಕಿದರೂ ಅದನ್ನೇ ಹೇಳುತ್ತಿದ್ದಳು. "ಏಯ್, ನನ್ನ ಮಗ ಮಸ್ಕತ್ತಿನಲ್ಲಿ ಇರುದು ಗೊತ್ತುಂಟಲ್ಲ? ದೊಡ್ಡದು ಹಾಕು."

ಮಾಂಯ್‌ಗೆ ಓದು ಬಾರದು. ತಿಂಗಳಿಗೊಮ್ಮೆ ಮಾಮನ ಕಾಗದ ಬಂತೆಂದು ಮಮ್ಮಿ ಓದಿ ಹೇಳುತ್ತಿದ್ದರು. ಮನೆಯ ಎದುರು ದೊಡ್ಡ ಹೊಳೆ ಉಂಟಂತೆ, ಹೊಳೆಯ ಆಚೆ ಮಾವಿನ ತೋಪಂತೆ, ಮಧ್ಯಾಹ್ನ ಎಲ್ಲರೂ ಅದರ ನೆರಳಿನಲ್ಲಿ ಮಲಗುವುದಂತೆ. ಮಾಂಯ್ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೊಳೆ! ವರ್ಷದ ಒಂದು ಮಳೆಗೆ ರಸ್ತೆಯ ಮೇಲೆ ನೀರು ಬಂದರೆ ಶಾಲೆಗೆ ರಜೆ ಕೊಡುವ ಊರು ಈ ಮಸ್ಕತ್ತು.

ಆ ವರ್ಷ ಮಳೆ ಬಿಟ್ಟು ಅಂಗಳದ ಪಾಚಿ ಒಣಗುವ ಹೊತ್ತಿಗೆ ಮೈದಾನಕ್ಕೆ ಕುಸ್ತಿಯ ಕಂಪೆನಿ ಬಂತು. ಜೀಪು ಊರೆಲ್ಲ ಸುತ್ತಿ ಗುಲಾಬಿ ಬಣ್ಣದ ನೋಟೀಸು ತೂರಿತು. ಹೆಕ್ಕಲು ಓಡಿ ನಾನು ಮೊಣಕಾಲು ತರಚಿಸಿಕೊಂಡೆ. ಅದರಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು: ಮೆಕ್ಸಿಕೋ ದೇಶದ ಮುಸುಕು ಹುಲಿ! ಇವನ ಮುಖ ಕಂಡವರಿಲ್ಲ! ಇವನ ಮಾತು ಕೇಳಿದವರಿಲ್ಲ!

ಮರುದಿನ ಅಸೆಂಬ್ಲಿಯಲ್ಲಿ ಸಿಸ್ಟರ್ ಸುಪೀರಿಯರ್ ಗುಡುಗಿದರು. "ಗರ್ಲ್ಸ್, ದೀಸ್ ಆರ್ ಗ್ರೋನ್ ಮೆನ್ ಇನ್ ಬಾತಿಂಗ್ ಡ್ರಾಯರ್ಸ್. ನೋ ಕಾನ್ವೆಂಟ್ ಗರ್ಲ್ ವಿಲ್ ಗೋ ನಿಯರ್ ದಟ್ ಟೆಂಟ್." ಅದೇ ದಿನ ಊಟದ ಬಿಡುವಿನಲ್ಲಿ ಶಾಲೆಯ ಅಂಗಳದ ಗ್ರೊಟ್ಟೊ ಎಂಬ ಕಲ್ಲಿನ ಗುಡಿಯ ಹಿಂದೆ ನಾವು ಎಂಟು ಹುಡುಗಿಯರು ಇಗರ್ಜಿಗೆ ಹಾಕುವ ವೇಲನ್ನು ಮುಖಕ್ಕೆ ಕಟ್ಟಿಕೊಂಡು ಕುಸ್ತಿ ಆಡಿದೆವು. ನಾನೇ ಮೆಕ್ಸಿಕೋ.

ಒಂದು ಮಧ್ಯಾಹ್ನ ಮಾಂಯ್ ಇಗರ್ಜಿಯ ಹೆಂಗಸರ ಸಂಘಕ್ಕೆ ಹೋಗಿದ್ದಳು. ಹಿಂದಿನ ಬಾಗಿಲು ಯಾರೋ ತಟ್ಟಿದರು. ತೆರೆದರೆ, ತಲೆಯ ಮೇಲೆ ಗೋಣಿ ಹೊದ್ದ ಒಬ್ಬ. ಬಾಗಿಲಿನ ಬೆಳಕು ಪೂರ್ತಿ ಹೋಯಿತು.

ಮಮ್ಮಿಯ ಕೈಯಿಂದ ಕತ್ತರಿ ಬಿತ್ತು. "ಲಿಗೋರಿ! ನೀನು ಮಸ್ಕತ್ತಿನಲ್ಲಿ ಅಲ್ವಾ?"

"ಬೊಂಬಾಯಿ ದಾಟಲೇ ಇಲ್ಲ ಬಾಯೆ," ಎಂದ ಮಾಮ. ಅಕ್ಕನನ್ನು ಅವನು ಕರೆಯುತ್ತಿದ್ದದ್ದು ಹಾಗೆ. "ವೀಸಾ ಕೊಡ್ತೇನೆ ಅಂದವನು ಮಾಯ. ವಾಪಸು ಬರಲಿಕ್ಕೆ ಮುಖ ಇರಲಿಲ್ಲ. ಹಂದಿ ಕಡಿದು ಕಳಿಸಿದ್ದಾರೆ, ಹೇಗೆ ಬರುದು? ನನಗೆ ಗೊತ್ತಿದ್ದದ್ದು ತಾಲೀಮು ಒಂದೇ. ಈ ಕಂಪೆನಿಗೆ ಸೇರಿದೆ."

"ಯಾವ ಕಂಪೆನಿ?"

ಅವನು ಗೋಣಿಯೊಳಗಿಂದ ಒಂದು ಹರಿದ ಕಪ್ಪು ಮುಸುಕು ತೆಗೆದು ಮೆಷಿನಿನ ಮೇಲೆ ಇಟ್ಟ.

ನಾನು ಕುಣಿದುಬಿಟ್ಟೆ. "ಮಾಮ, ನೀನೇ ಮೆಕ್ಸಿಕೋದವನಾ? ಮೆಕ್ಸಿಕೋ ಎಲ್ಲಿ ಉಂಟು?"

"ಇಲ್ಲೇ, ನಮ್ಮ ಹಂಪನಕಟ್ಟೆ ದಾಟಿ ಎಡಕ್ಕೆ," ಎಂದು ನನ್ನ ಮೂಗು ಹಿಂಡಿದ. ಮತ್ತೆ ಮಮ್ಮಿಯ ಕಡೆ ತಿರುಗಿ, "ಇಷ್ಟು ತಿಂಗಳು ಕಾಗದವೂ ಹಾಕಲಿಲ್ಲ. ಸುಳ್ಳು ಬರೆಯಲಿಕ್ಕೆ ಕೈ ಬರಲಿಲ್ಲ. ಮಾಂಯ್ ಬೇಜಾರು ಮಾಡ್ಕೊಂಡಿದ್ದಾಳಾ?"

"ನೀನು ಹಾಕದಿದ್ದರೂ ಕಾಗದ ಬಂದಿದೆ," ಎಂದರು ಮಮ್ಮಿ. "ತಿಂಗಳಿಗೊಂದು. ನೀನಿರುವುದು ಹೊಳೆಯ ಬದಿಯ ಮನೆಯಲ್ಲಿ, ನೆನಪಿಟ್ಟುಕೋ."

ಅಕ್ಕ ತಮ್ಮ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುತ್ತಲೇ ಮಮ್ಮಿ ಅತ್ತರು.

ಅವನಿಗೆ ಬೇಕಾಗಿದ್ದದ್ದು ಒಂದು ಹೊಸ ಮುಸುಕು ಮತ್ತು ಆರು ವಾರದ ಗುಟ್ಟು. ಆರು ವಾರದ ನಂತರ ಕಂಪೆನಿ ಹುಬ್ಬಳ್ಳಿಗೆ, ಅಲ್ಲಿಂದ ಬೊಂಬಾಯಿಗೆ. ಬೊಂಬಾಯಿಯಲ್ಲಿ ಈ ಸಲ ಸರಿಯಾದ ಜನ ಸಿಕ್ಕಿದ್ದಾರೆ, ನಿಜವಾದ ಮಸ್ಕತ್ತಿಗೆ ಹೋಗುತ್ತೇನೆ ಎಂದ. "ಅಷ್ಟರವರೆಗೆ ಮಾಂಯ್‌ಗೆ ಗೊತ್ತಾಗಬಾರದು. ಊರೆಲ್ಲ ಮಸ್ಕತ್ತು ಮಸ್ಕತ್ತು ಅಂತ ಹೇಳಿಕೊಂಡು ತಿರುಗಿದವಳು. ಅವಳ ತಲೆ ತಗ್ಗಬಾರದು." ನನ್ನಿಂದ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡ.

ಮಮ್ಮಿ ಆ ಮುಸುಕು ಹೊಲಿದದ್ದನ್ನು ನೋಡಬೇಕಿತ್ತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಪಾದ್ರಿಗಳು ನೇರಳೆ ಬಣ್ಣದ ಬಟ್ಟೆ ತೊಡುತ್ತಾರೆ; ಆ ಸ್ಯಾಟಿನ್ನಿನಲ್ಲಿ ಉಳಿದ ತುಂಡೇ ಮುಸುಕಾಯಿತು. ಮಾಮನ ತಲೆಗೆ ನಾಲ್ಕು ಕಡೆ ಟೇಪು ಹಿಡಿದರು, ಕಿವಿಯಿಂದ ಕಿವಿಗೆ, ಹಣೆಯಿಂದ ಕತ್ತಿಗೆ. ಸ್ಯಾಟಿನ್ನು ಎಳೆದರೆ ಹಿಗ್ಗುವುದಿಲ್ಲ, ಅದಕ್ಕೆ ಓರೆಯಾಗಿ ಕತ್ತರಿಸಿದರು. ಒಳಗೆ ಮಲ್ ಬಟ್ಟೆಯ ಅಸ್ತರು, ಬೆವರು ಹೀರಲು. ಕಣ್ಣಿಗೂ ಬಾಯಿಗೂ ಎರಡೆರಡು ಸಲ ಅಂಚು. ಹಿಂದೆ ಹನ್ನೆರಡು ತೂತು ಮಾಡಿ ಬೂಟಿನ ಲೇಸು. ಹಾಕಿಕೊಂಡಾಗ ಒಂದು ಸುಕ್ಕಿಲ್ಲ. ಮಾಮನ ಮುಖ ಇದ್ದಲ್ಲಿ ಒಬ್ಬ ಬಿಷಪ್ ಸಿಟ್ಟು ಬಂದು ನಿಂತ ಹಾಗಿತ್ತು.

ಮರುದಿನ ಮಾಂಯ್ ಮೆಷಿನಿನ ಬಳಿ ಬಿದ್ದಿದ್ದ ಅದನ್ನು ಎತ್ತಿಕೊಂಡಳು.

"ಇದು ಎಂತದು, ಇಷ್ಟು ಸಣ್ಣದು?"

"ಬಾಲಯೇಸುವಿನ ಪ್ರತಿಮೆಗೆ ಹೊದಿಕೆ," ಎಂದರು ಮಮ್ಮಿ.

"ಬಾಲಯೇಸುವಿನ ತಲೆ ಇಷ್ಟು ದೊಡ್ಡದಾ?" ಮಾಂಯ್ ತೂತಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು. "ಹೊಲಿಗೆ ಒಳ್ಳೆದುಂಟು," ಎಂದಷ್ಟೇ ಹೇಳಿ ಇಟ್ಟಳು.

ಶನಿವಾರ ಇಗರ್ಜಿಯ ನೊವೆನ ಪ್ರಾರ್ಥನೆಗೆ ಹೋಗುತ್ತೇವೆಂದು ಹೇಳಿ ಮಮ್ಮಿ ನನ್ನನ್ನು ಡೇರೆಗೆ ಕರೆದುಕೊಂಡು ಹೋದರು. ಮಾಮ ಕೊಟ್ಟ ಪಾಸಿಗೆ ಮೊದಲ ಸಾಲಿನ ಕುರ್ಚಿ. ಸೀಮೆಎಣ್ಣೆ, ಮರದ ಹೊಟ್ಟು, ಚರುಮುರಿಗೆ ಹಿಂಡಿದ ಲಿಂಬೆ, ಗಂಡಸರ ಬೀಡಿ. ಕೊನೆಗೆ ನೇರಳೆ ಮುಸುಕಿನ ಹುಲಿ ಬಂತು. ಮಾತಿಲ್ಲ, ಗುರ್ ಎಂಬ ಸದ್ದು ಮಾತ್ರ.

ಆ ಕುಸ್ತಿಯನ್ನು ನೋಡಿದವಳು ಈ ಟಿ.ವಿ.ಯವರನ್ನು ಹೇಗೆ ಹೊಗಳಲಿ? ಮಾಮ ಹಾರುತ್ತಿರಲಿಲ್ಲ. ಎದುರಾಳಿ ಒಬ್ಬ ಪಂಜಾಬಿ, ಆನೆಯಂಥವನು. ಅವನ ಒಂದು ಕೈ ಹಿಡಿದರೆ ಮುಗಿಯಿತು, ಬಿಡಬೇಕಲ್ಲ! ಹತ್ತು ನಿಮಿಷ ಇಬ್ಬರೂ ಅಲುಗದೆ ನಿಂತಿರುತ್ತಿದ್ದರು, ಬೆನ್ನಿನ ಮೇಲೆ ಬೆವರು ಮಾತ್ರ ಚಲಿಸುತ್ತಿತ್ತು. ಇಡೀ ಡೇರೆಯಲ್ಲಿ ಕಡಲೆ ಸಿಪ್ಪೆ ಒಡೆಯುವ ಸದ್ದೂ ನಿಲ್ಲುತ್ತಿತ್ತು. ಅಲ್ಲಿಯೂ ಸೋಲು ಗೆಲುವು ಮೊದಲೇ ಮಾತಾಡಿಕೊಂಡದ್ದು ಎಂದು ಮಾಮನೇ ಹೇಳಿದ್ದ. ಇರಬಹುದು. ಭಾರ ಮಾತ್ರ ನಿಜವಾದ ಭಾರ.

ಮೂರು ಶನಿವಾರ ಹೀಗೆ ಕಳೆಯಿತು. ನಾಲ್ಕನೆಯದರಲ್ಲಿ ಎಡವಟ್ಟಾಯಿತು.

ಕ್ಯಾಥೊಲಿಕ್ ಮನೆಗಳಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸಂಜೆ ಏಳಕ್ಕೆ ಇಗರ್ಜಿಯಲ್ಲಿ ಆಮೊರಿಯ ಗಂಟೆ ಹೊಡೆಯುತ್ತದೆ. ಹೊಡೆದರೆ ಯಾರು ಎಲ್ಲಿದ್ದರೂ ನಿಂತು ಶಿಲುಬೆಯ ಗುರುತು ಮಾಡಿ ಪ್ರಾರ್ಥನೆ ಹೇಳಬೇಕು. ಮುಗಿದ ಕೂಡಲೇ ಚಿಕ್ಕವರು ಹತ್ತಿರವಿದ್ದ ಹಿರಿಯರ ಎದುರು ಕೈ ಮುಗಿದು ಬೆಸಾಂವ್ ಕೇಳಬೇಕು, ಅಂದರೆ ಆಶೀರ್ವಾದ. ಹಿರಿಯರು ತಲೆಯ ಮೇಲೆ ಕೈ ಇಟ್ಟು "ದೇವ್ ಬರೆಂ ಕರುಂ" ಎನ್ನಬೇಕು, ದೇವರು ಒಳ್ಳೆಯದು ಮಾಡಲಿ ಎಂದು. ಅದು ನಮಗೆ ಆಕಳಿಕೆ ಬಂದ ಹಾಗೆ. ಯೋಚಿಸಿ ಮಾಡುವುದಲ್ಲ.

ಹುಲಿಯ ಕುಸ್ತಿ ಯಾವಾಗಲೂ ಏಳೂವರೆಗೆ. ಆ ದಿನ ಯಾರೋ ದೊಡ್ಡ ಮನುಷ್ಯರು ಬೇಗ ಹೋಗಬೇಕೆಂದು ಮ್ಯಾನೇಜರ್ ಅದನ್ನು ಏಳಕ್ಕೆ ಮುಂಚೆಯೇ ಶುರು ಮಾಡಿಸಿದ. ಪಂಜಾಬಿ ಮಾಮನನ್ನು ಹಗ್ಗದಾಚೆ ಎಸೆದ. ಮಾಮ ಬಂದು ಬಿದ್ದದ್ದು ಸರಿಯಾಗಿ ನನ್ನ ಕುರ್ಚಿಯ ಎದುರು. ಎದ್ದು ಮೊಣಕಾಲೂರಿ ಉಸಿರು ಎಳೆದುಕೊಳ್ಳುತ್ತಿದ್ದ. ಆಗ ಗಂಟೆ ಹೊಡೆಯಿತು.

ನಾನು ಎದ್ದು ನಿಂತೆ. ಮೊದಲ ಸಾಲಿನಲ್ಲಿ ನಮ್ಮ ಇಗರ್ಜಿಯವರು ಇನ್ನೂ ಹತ್ತು ಜನ ಎದ್ದರು. ತುಟಿ ಅಲ್ಲಾಡಿಸಿ ಪ್ರಾರ್ಥನೆ ಮುಗಿಸಿ, ಎದುರಿಗಿದ್ದ ಹಿರಿಯನ ಕಡೆ ನಾನು ಕೈ ಮುಗಿದೆ. ಎದುರಿಗಿದ್ದವನು ಮಾಮ.

ಅವನು ಒಂದು ಕ್ಷಣವೂ ತಡಮಾಡಲಿಲ್ಲ. ಮುಸುಕಿನ ಎದುರೇ ಶಿಲುಬೆಯ ಗುರುತು ಮುಗಿಸಿದ ಆ ದೊಡ್ಡ ಕೈ ನನ್ನ ತಲೆಯ ಮೇಲೆ ಬಂತು. "ದೇವ್ ಬರೆಂ ಕರುಂ, ಪುತಾ," ಎಂದ. ಎಂದಿನ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ನಮ್ಮ ವಾರ್ಡಿನ ಗುರ್ಕಾರರು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಗುರ್ಕಾರರೆಂದರೆ ಇಗರ್ಜಿಯ ಕಡೆಯಿಂದ ವಾರ್ಡಿನ ಮುಖ್ಯಸ್ಥರು. ಎಲ್ಲರ ಮನೆಯ ಸುದ್ದಿ ಗೊತ್ತಿರುವವರು. ಅವರು ಎದ್ದು ನಿಂತು ಕೂಗಿದರು. "ಹೋ! ಮೆಕ್ಸಿಕೋದ ಹುಲಿಗೆ ಕೊಂಕಣಿ ಬರ್ತದೆ ಮಾರಾಯ್ರೆ!"

ಹಿಂದಿನಿಂದ ಒಬ್ಬ, "ಹುಲಿ ಯಾವ ಇಗರ್ಜಿದು, ಕೇಳಿ ನೋಡಿ!"

"ಬೆಸಾಂವ್ ನನಗೂ ಕೊಡಾ ಹುಲೀ!" ಎಂದ ಇನ್ನೊಬ್ಬ.

ಡೇರೆ ನಗೆಯಿಂದ ಹಾರಿಹೋಗುವ ಹಾಗಾಯಿತು. ಮುಸುಕಿನ ತೂತಿನೊಳಗೆ ಮಾಮನ ಕಣ್ಣುಗಳು ನನ್ನನ್ನು ನೋಡಿದವು. ಸಿಟ್ಟಿರಲಿಲ್ಲ. ಮರಳಿನ ಮೇಲೆ ಚಾಪೆ ಹಾಸಿದವನು ಕಡಲ ನೀರು ಏರಿ ಬಂದದ್ದನ್ನು ನೋಡುವ ಹಾಗೆ ನೋಡಿದ. ಮಮ್ಮಿ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದರು. ದಾರಿಯುದ್ದಕ್ಕೂ ನಾನು, "ಮಮ್ಮಿ, ನಾನು ಏನು ಮಾಡಿದೆ? ಗಂಟೆ ಹೊಡೆಯಿತಲ್ಲ," ಎನ್ನುತ್ತಲೇ ಇದ್ದೆ.

ಮ್ಯಾನೇಜರ್ ಬುದ್ಧಿವಂತ. ಸೋಮವಾರ ಜೀಪು ಹೊಸ ನೋಟೀಸು ತೂರಿತು: ಭಾನುವಾರ ಸಂಜೆ ಐದಕ್ಕೆ ಮುಸುಕು ಕಳಚುವ ಕುಸ್ತಿ! ಹುಲಿ ಸೋತರೆ ಮೈಕಿನಲ್ಲಿ ಹೆಸರು, ಊರು, ತಂದೆ ತಾಯಿ! ಮೆಕ್ಸಿಕೋದಲ್ಲಿ ಇದು ನಿಜವಾಗಿಯೂ ಇರುವ ಪದ್ಧತಿ ಎಂದು ನನಗೆ ಗೊತ್ತಾದದ್ದು ಈಗ, ರಯಾನ್‌ನಿಂದ. ಮುಸುಕು ಪಣಕ್ಕಿಟ್ಟು ಸೋತವನು ಜನರ ಎದುರು ತನ್ನ ನಿಜವಾದ ಹೆಸರನ್ನೂ ಊರನ್ನೂ ಹೇಳಲೇಬೇಕು. ಎಂಥ ಅಸಹ್ಯದ ಪದ್ಧತಿ! ಸೋಲಿಸಿದ್ದು ಸಾಲದು ಎಂದು ಅವನ ಅಮ್ಮನ ಅಂಗಳಕ್ಕೂ ನುಗ್ಗಬೇಕೇ?

ಮಾಮ ಓಡಿಹೋಗಬಹುದಿತ್ತು. ಆದರೆ ಅವನ ಪಾಸ್‌ಪೋರ್ಟ್ ಮ್ಯಾನೇಜರನ ಟ್ರಂಕಿನಲ್ಲಿತ್ತು. ಅದಿಲ್ಲದೆ ಮಸ್ಕತ್ತಿಲ್ಲ. ಮುಸುಕು ಕಳಚಿದರೆ ಪಾಸ್‌ಪೋರ್ಟ್ ಕೈಗೆ ಕೊಡುತ್ತೇನೆ ಎಂದಿದ್ದನಂತೆ.

ಜೀಪಿನ ಮೈಕು ನಮ್ಮ ಮನೆಯ ಎದುರಿಗೂ ಬಂತು. ಮಾಂಯ್ ಬಾವಿಕಟ್ಟೆಯಲ್ಲಿ ಮೀನು ತಿಕ್ಕುತ್ತಿದ್ದಳು. ಮಮ್ಮಿಗೆ ತಡೆಯಲಾಗಲಿಲ್ಲ, ಅವಳ ಕಾಲ ಬಳಿ ಕೂತು ಎಲ್ಲ ಹೇಳಿದರು. ಬೊಂಬಾಯಿ, ಮುಸುಕು, ಕಾಗದಗಳು, ನನ್ನ ಗಂಟೆ. ಮಾಂಯ್ ಮೀನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ಕೇಳಿ, "ಉಪ್ಪು ಹಾಕಿಡು," ಎಂದು ಬಟ್ಟಲು ಕೊಟ್ಟು ಒಳಗೆ ಹೋದಳು. ಗುರ್ಕಾರರು ಎರಡು ಸಲ ಬಂದು, "ಲಿಗೋರಿದು ಕಾಗದ ಬಂತಾ, ಮಸ್ಕತ್ತಿನಿಂದ?" ಎಂದು ಕೇಳಿ ಹೋದರು. "ಬಂತು," ಎಂದಳು ಮಾಂಯ್, ಎರಡು ಸಲವೂ.

ಭಾನುವಾರ ನಾಲ್ಕೂವರೆಗೆ ಮದುವೆಗೆ ಉಡುವ ಸೀರೆ ಉಟ್ಟು ನಿಂತಳು. "ಜೆಸ್ಸಿ, ನಡೆ," ಎಂದು ನನ್ನ ಕೈ ಹಿಡಿದಳು.

"ಮಾಂಯ್, ಬೇಡ," ಎಂದರು ಮಮ್ಮಿ.

"ನೀನು ಮನೆಯಲ್ಲಿರು. ಹೊಲಿದದ್ದು ಸಾಕು."

ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮನ್ನು ಕಂಡು ಜನ ತಾವೇ ದಾರಿ ಬಿಟ್ಟರು, ಮೊದಲ ಸಾಲಿನವರೆಗೆ. ಅದೊಂದು ಮರ್ಯಾದೆಯಲ್ಲ, ನನಗೆ ಆಗಲೇ ಗೊತ್ತಾಯಿತು. ನಾಟಕದಲ್ಲಿ ಪಾತ್ರ ಬಂದರೆ ಸ್ಟೇಜು ಬಿಡುತ್ತಾರಲ್ಲ, ಹಾಗೆ.

ಕುಸ್ತಿ ಎಂಬುದು ಐದು ನಿಮಿಷವೂ ಇರಲಿಲ್ಲ. ಮಾಮ ತಾನಾಗಿಯೇ ಬಿದ್ದ. ಪಂಜಾಬಿ ಬೆನ್ನ ಮೇಲೆ ಕೂತ. ಲೇಸು ಬಿಚ್ಚಲು ಬರಲಿಲ್ಲ, ಮಮ್ಮಿಯ ಗಂಟು. ಕೊನೆಗೆ ಬ್ಲೇಡಿನಿಂದ ಕತ್ತರಿಸಿ ಎಳೆದರು. ನೇರಳೆ ಬಣ್ಣ ಇಳಿದು ಮಾಮನ ಗಲ್ಲದ ಮೇಲೆ ಹಿಡಿದಿತ್ತು. ಊರವರ ಸೀಟಿ. ಮ್ಯಾನೇಜರ್ ಮೈಕು ಹಿಡಿದ.

"ಹೆಸರು?"

"ಲಿಗೋರಿ."

"ಊರು?"

"ಇದೇ."

"ಇದೇ ಊರಂತೆ, ಕೇಳಿದಿರಾ!" ನಗೆ. "ತಾಯಿ ಇದ್ದಾರಾ?"

ಮಾಮ ಗಲ್ಲ ಒರೆಸಿಕೊಳ್ಳುತ್ತ ನೆಲ ನೋಡಿದ. ಆದರೆ ನೂರು ಕೈಗಳು ನಮ್ಮ ಕಡೆ ತೋರಿಸಿದವು. ಮ್ಯಾನೇಜರ್ ಉದ್ದದ ವಯರು ಎಳೆಯುತ್ತ ಕೆಳಗೆ ಬಂದು ಮಾಂಯ್‌ಳ ಬಾಯಿಯ ಹತ್ತಿರ ಮೈಕು ಹಿಡಿದ.

"ಅಮ್ಮಾ, ಹೇಳಿ. ಈ ಹುಲಿ ನಿಮ್ಮ ಮಗ ಹೌದಲ್ಲ?"

ಮಾಂಯ್ ಎದ್ದಳು. ಗಿಡ್ಡ ಹೆಂಗಸು, ಎದ್ದರೂ ಕೂತ ಹಾಗೇ ಕಾಣುತ್ತಿದ್ದಳು. ಅವಳ ಕೈ ನನ್ನ ಕೈಯನ್ನು ಎಲುಬು ನೋಯುವಷ್ಟು ಹಿಡಿದಿತ್ತು. ಮೈಕಿನಲ್ಲಿ ಹೇಳಿದಳು, "ನನ್ನ ಮಗ ಮಸ್ಕತ್ತಿನಲ್ಲಿದ್ದಾನೆ. ಈ ಮನುಷ್ಯ ಯಾರೆಂದು ನನಗೆ ಗೊತ್ತಿಲ್ಲ."

ಒಬ್ಬರೂ ನಗಲಿಲ್ಲ. ನಾವು ಹೊರಗೆ ಬಂದೆವು. ನಗುವವರಿಗೆ ಬೇಕಾದದ್ದನ್ನು ಅವಳು ಕೊಡಲಿಲ್ಲ ಎಂದು ಮಮ್ಮಿ ಆಮೇಲೆ ಹೇಳುತ್ತಿದ್ದರು. ಮಗನಿಗೆ ಬೇಕಾದದ್ದನ್ನು ಕೊಟ್ಟಳೇ? ನಾನು ಆಗ ಕೇಳಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಮಾಮ ಬೊಂಬಾಯಿಗೆ ಹೋದ. ನಾಲ್ಕು ತಿಂಗಳಲ್ಲಿ ನಿಜವಾಗಿಯೂ ಮಸ್ಕತ್ತಿಗೆ ಬಂದ. ಅವನದೇ ಅಕ್ಷರದ ಕಾಗದ ಬರತೊಡಗಿತು. ಇಲ್ಲಿ ಬರೀ ಕಲ್ಲು, ಬಿಸಿಲು, ಸೆಕೆ, ಕೆಲಸ ಕೊಟ್ಟ ಕಫೀಲ್ ಪರವಾಗಿಲ್ಲ, ನಾನು ಚೆನ್ನಾಗಿದ್ದೇನೆ, ಇಷ್ಟೇ. ಮಮ್ಮಿ ಓದುವುದನ್ನು ಮಾಂಯ್ ಕಣ್ಣು ಬಿಟ್ಟುಕೊಂಡು ಕೇಳಿ, ಒಮ್ಮೆ ಹೇಳಿದಳು, "ಮೊದಲಿನ ಕಾಗದಗಳು ಚೆನ್ನಾಗಿದ್ದವು."

ಮದುವೆಯಾಗಿ ನಾನು ಒಮಾನಿಗೆ ಬಂದಾಗ ಮಾಮ ಘಾಲಾದ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ತಲೆಗೂದಲು ಅರ್ಧ ಹೋಗಿತ್ತು. ಒಂದು ಸಲವೂ ಊರಿಗೆ ಹೋಗಿರಲಿಲ್ಲ. ಮಾಂಯ್ ಸತ್ತ ಟೆಲಿಗ್ರಾಂ ಬಂದಾಗಲೂ ಹೋಗಿರಲಿಲ್ಲ. ನಾನು ಅವನ ಮೇಲೆ ರೇಗಿದೆ. "ಇದು ಯಾವ ಹಟ ಮಾಮ? ತಪ್ಪು ನನ್ನದು, ನನ್ನ ಮೇಲೆ ಸಿಟ್ಟು ಮಾಡು. ಸತ್ತವಳ ಮೇಲೆ ಯಾಕೆ?"

ಅವನು ಸುಲೈಮಾನಿ ಚಹಾದ ಗ್ಲಾಸು ಕೆಳಗಿಟ್ಟ. "ಹಟ ಅಲ್ಲ ಪುತಾ. ಅಷ್ಟು ಜನರ ಎದುರು ಮೈಕಿನಲ್ಲಿ ಹೇಳಿದಳಲ್ಲ, ನನ್ನ ಮಗ ಮಸ್ಕತ್ತಿನಲ್ಲಿದ್ದಾನೆ ಅಂತ. ನಾನು ಅಲ್ಲಿ ಹೋಗಿ ನಿಂತರೆ ಅವಳ ಮಾತು ಏನಾಗ್ತದೆ?"

ಅವನು ಇಲ್ಲಿಯೇ ಮಣ್ಣಾದ. ಹನ್ನೆರಡು ವರ್ಷವಾಯಿತು. ಮಾಂಯ್ ಅಲ್ಲಿ, ಅವನು ಇಲ್ಲಿ, ನಡುವೆ ಒಂದು ಸಮುದ್ರ. ನನ್ನ ಮಗಳ ಮನೆಯಲ್ಲಿ ಗಂಟೆಯೂ ಕೇಳಿಸುವುದಿಲ್ಲ. ರಯಾನ್ ಮಲಗುವ ಮುಂಚೆ "ನೈಟ್, ಗ್ರ್ಯಾನಿ" ಎಂದು ಕಾರಿಡಾರಿನಿಂದಲೇ ಕೂಗುತ್ತಾನೆ. ಅವನ ತಲೆಯ ಮೇಲೆ ಕೈ ಇಡಬೇಕೆಂದರೆ ಕೂದಲಿಗೆ ಜೆಲ್.

ಇನ್ನು ಕಳೆದ ಶುಕ್ರವಾರದ ಪಂದ್ಯ. ಮುಸುಕಿಗೆ ಮುಸುಕು ಪಣ. ತಾಮ್ರದ ಗೂಬೆ ಎಂದು ನಾನು ಕರೆಯುವ ಹುಡುಗ ಸೋತ. ಪಂದ್ಯ ಕಳಪೆ: ಮೂರು ಸಲ ಒಂದೇ ಪಲ್ಟಿ, ಸೋಲುವ ಪಟ್ಟು ನನಗೆ ಎರಡು ನಿಮಿಷ ಮೊದಲೇ ಗೊತ್ತಾಗಿತ್ತು. ಮುಸುಕು ಬಿಚ್ಚಿದರು. ಹುಡುಗ ಹೆಸರು ಹೇಳಿದ, ಊರು ಹೇಳಿದ. ಆಗ ಕಣದೊಳಗೆ ಅವನ ಅಮ್ಮ ಬಂದಳು. ಸಣ್ಣ ಹೆಂಗಸು, ಬಣ್ಣದ ಶಾಲು. ಮಗನ ಹೆಗಲಿಗೆ ಶಾಲು ಹೊದಿಸಿ ಬಿಗಿಯಾಗಿ ಅಪ್ಪಿಕೊಂಡಳು. ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಸೋ ಸ್ವೀಟ್, ನೋ?" ಎಂದ ರಯಾನ್.

ನನಗೂ ಹಾಗೆಯೇ ಅನಿಸಿತು, ಸುಳ್ಳು ಯಾಕೆ ಹೇಳಲಿ. "ಇನ್ನೊಮ್ಮೆ ಹಾಕು," ಎಂದೆ. ಹಾಕಿದ. ಮತ್ತೊಮ್ಮೆ ಹಾಕಿಸಿದೆ. ಮೂರನೆಯ ಸಲ ಕನ್ನಡಕ ಒರೆಸಿಕೊಂಡು ಸರಿಯಾಗಿ ನೋಡಿದೆ. ಆ ತಾಯಿ ಮಗನನ್ನು ಅಪ್ಪಿಕೊಂಡಿದ್ದಾಳೆ, ಕಣ್ಣು ಮಾತ್ರ ಅವನ ಹೆಗಲ ಮೇಲಿಂದ ಕ್ಯಾಮೆರಾ ಹುಡುಕುತ್ತಿದೆ. ಸಿಕ್ಕಿದ ಮೇಲೆ ಅಲ್ಲಿಯೇ ನಿಂತಿತು. ಮಗನ ಬೆತ್ತಲೆ ಮುಖವನ್ನು ಅವಳು ಒಂದು ಸಲವೂ ನೋಡಲಿಲ್ಲ.

ರಬಿಷ್.

ನಮ್ಮ ಮಾಂಯ್ ಆ ಭಾನುವಾರ ಮೈಕಿನ ಎದುರು ನಿಂತಾಗ ನಾನು ಅವಳ ಸೊಂಟದ ಎತ್ತರದಲ್ಲಿದ್ದೆ, ಕತ್ತೆತ್ತಿ ನೋಡುತ್ತಿದ್ದೆ. ಅವಳು ಮ್ಯಾನೇಜರನನ್ನು ನೋಡಲಿಲ್ಲ, ಗುರ್ಕಾರರನ್ನು ನೋಡಲಿಲ್ಲ. ಆ ಮನುಷ್ಯ ಯಾರೆಂದು ಗೊತ್ತಿಲ್ಲ ಎಂದು ಹೇಳಿ ಮುಗಿಸುವವರೆಗೆ, ಕಣ್ಣು ರೆಪ್ಪೆ ಹೊಡೆಯದೆ, ಅವಳು ನೋಡಿದ್ದು ಅವನೊಬ್ಬನನ್ನೇ.